ಕುರ್ಚಿಗಳ ಬಸ್ಸು

ಅವಳಿಗೆ ‘ಆದ್ರಮ್ಮ’ ಎಂಬ ಹೆಸರು ಬಿದ್ದದ್ದು ಶಾಲೆಯಲ್ಲಿ, ವಿಶೇಷ ಮಕ್ಕಳ ಕೋಣೆಯ ಬಾಗಿಲಲ್ಲಿ. ಮಗಳನ್ನು ಸೇರಿಸಿದ ಮೊದಲ ದಿನವೇ ಟೀಚರನ್ನು ಹೊಸ್ತಿಲಲ್ಲೇ ತಡೆದು ನಿಲ್ಲಿಸಿಕೊಂಡು, “ನೀರು ಕುಡಿಯೋವಾಗ ನೆತ್ತಿಗೇರಿದ್ರೆ? ಯಾರಾದ್ರೂ ತಳ್ಳಿದ್ರೆ? ನಾನು ಬರೋದು ತಡ ಆದ್ರೆ?” ಎಂದು ಒಂದರ ಬಾಲಕ್ಕೆ ಇನ್ನೊಂದನ್ನು ಗಂಟು ಹಾಕಿ ಕೇಳುತ್ತಿದ್ದಳು. ಹಿಂದೆ ತಮ್ಮ ಮೊಮ್ಮಗಳ ಕೈ ಹಿಡಿದು ಸರದಿ ಕಾಯುತ್ತಿದ್ದ ಬೇರೊಂದು ಮನೆಯ ಅಜ್ಜಿಗೆ ಮಂಡಿ ನೋಯತೊಡಗಿತ್ತು.

“ಆದ್ರಮ್ಮ, ಸ್ವಲ್ಪ ದಾರಿ ಬಿಡು ತಾಯಿ. ಏನಾದ್ರೂ ಆಗ್ಬೇಕಂದ್ರೂ ನಾವು ಮೊದ್ಲು ಒಳಗೆ ಹೋಗ್ಬೇಕಲ್ಲ!”

ಟೀಚರ್ ನಕ್ಕರು. ಹೆಸರು ಅಂಟಿಕೊಂಡಿತು.

ಹೆಸರೇನೂ ಸುಳ್ಳಲ್ಲ. ಅವಳು ಕೆಲಸ ಮಾಡುತ್ತಿದ್ದ ಕನ್ನಡಕದ ಅಂಗಡಿಯಲ್ಲಿ ಬೇರೆಯವರು ಒಮ್ಮೆ ಬಿಗಿಯುವ ತಿರುಪನ್ನು ಅವಳು ಬಿಗಿದು, ಬಿಚ್ಚಿ ನೋಡಿ, ಮತ್ತೆ ಬಿಗಿಯುತ್ತಿದ್ದಳು. “ನೀನು ಮುಗಿಸೋಷ್ಟರಲ್ಲಿ ಗಿರಾಕಿಯ ನಂಬರೇ ಬದಲಾಗಿರುತ್ತೆ” ಎಂದು ಮಾಲೀಕ ಗೊಣಗುತ್ತಿದ್ದ. ಆದರೆ ಅವಳು ಕೂರಿಸಿದ ಗಾಜು ಬಿದ್ದುಹೋಯಿತೆಂದು ಯಾರೂ ವಾಪಸು ಬಂದದ್ದಿಲ್ಲ.

ಮಗಳಿಗೆ ಏಳು ವರ್ಷ. ತನ್ನದೆಂಬ ಮಾತು ಅವಳಿಗಿರಲಿಲ್ಲ. ಕೇಳಿಸಿಕೊಂಡದ್ದನ್ನು ಅದೇ ದನಿಯಲ್ಲಿ, ಅದೇ ಏರಿಳಿತದಲ್ಲಿ ಹಿಂದಿರುಗಿಸುತ್ತಿದ್ದಳು. “ಊಟ ಬೇಕಾ ಕಂದ?” ಎಂದರೆ “ಊಟ ಬೇಕಾ ಕಂದ?” ಎನ್ನುತ್ತಿದ್ದಳು. ನೆಂಟರು ಅದನ್ನು ಗಿಳಿಪಾಠ ಎಂದು ನಗುತ್ತಿದ್ದರು. ಹೀಗಾಗಿ ಯಾರೇ ಮಗಳ ಕಡೆ ತಿರುಗಲಿ, ಅವರು ಬಾಯಿ ತೆರೆಯುವ ಮೊದಲೇ ತಾಯಿ, “ಅವಳಿಗೆ ಮಾತು ಬರಲ್ಲ, ಬೇಜಾರು ಮಾಡ್ಕೋಬೇಡಿ” ಎಂದುಬಿಡುತ್ತಿದ್ದಳು. ಆ ಮಾತು ಅವಳಿಗೆ ಉಸಿರಾಟದಷ್ಟು ರೂಢಿಯಾಗಿತ್ತು.

ಹೀಗಿರುವಾಗ ಶಾಲೆಯ ವ್ಯಾನು ನಿಂತುಹೋಯಿತು. ಎಂಜಿನ್ನು ಮುದಿಯಾಗಿತ್ತು, ಇನ್ನು ರಿಪೇರಿಯಿಲ್ಲ ಎಂದರು. ಮಕ್ಕಳನ್ನು ದಿನಾ ಕರೆತರಲು ದುಡಿಯುವ ಅಪ್ಪ ಅಮ್ಮಂದಿರಿಗೆ ಪುರುಸೊತ್ತೆಲ್ಲಿ? ಕೋಣೆ ದಿನೇ ದಿನೇ ಖಾಲಿಯಾಗತೊಡಗಿತು. ಶಾಲೆಯ ಮುಖ್ಯಸ್ಥೆ ದೊಡ್ಡಮೇಡಂ ಪೋಷಕರನ್ನು ಕರೆಸಿ, ಮಕ್ಕಳೇ ಬರದಿದ್ದರೆ ಕೋಣೆಯನ್ನು ಮುಚ್ಚಬೇಕಾಗುತ್ತದೆ, ಹಳೆಯ ಬೆಂಚುಗಳನ್ನಿಡಲು ಜಾಗ ಬೇಕಾಗಿದೆ ಎಂದರು.

ಮಗಳು ಕಿರುಚದೆ ಕೂರುತ್ತಿದ್ದ ಮನೆಯಾಚೆಯ ಜಾಗ ಅದೊಂದೇ. ಅದೂ ಹೋದರೆ? ಆದ್ರಮ್ಮನ ಬಾಯಿ ಅವಳನ್ನು ಕೇಳದೆಯೇ ತೆರೆದುಕೊಂಡಿತು.

“ನಾವೇ ಸರದಿ ಮೇಲೆ ಇಬ್ಬಿಬ್ರು ಸೇರಿ ಎಲ್ಲಾ ಮಕ್ಕಳನ್ನೂ ಬಸ್ಸಲ್ಲಿ ಕರ್ಕೊಂಡು ಬಂದ್ರೆ?”

“ಊರಿನ ಬಸ್ಸಲ್ಲಾ?” ದೊಡ್ಡಮೇಡಂ ಹುಬ್ಬು ಹಣೆಗೇರಿತು. “ಆ ಗಲಾಟೆಯಲ್ಲಿ? ಏನಾದ್ರೂ ಆದ್ರೆ?”

“ಅಯ್ಯೋ, ಅವಳ ಮಾತನ್ನ ನೀವು ಕಸ್ಕೋಬೇಡಿ ಮೇಡಂ” ಎಂದರು ಅಜ್ಜಿ. “ಏನೇನಾಗಬಹುದು ಅಂತ ಲೋಕದಲ್ಲಿರೋದನ್ನೆಲ್ಲ ಇವಳು ಆಗ್ಲೇ ಯೋಚಿಸಿ ಇಟ್ಟಿರ್ತಾಳೆ. ಇಷ್ಟು ಹೆದರೋಳೇ ಮುಂದೆ ನಿಲ್ಲಲಿ. ಧೈರ್ಯ ಇರೋರನ್ನ ನಂಬಿ ನಾನು ಬೇಕಾದಷ್ಟು ಕೆಟ್ಟಿದ್ದೀನಿ.”

ಹಿಂದಿನ ಸಾಲಿನಲ್ಲಿ ಕೂತಿದ್ದ ಕ್ಷೌರದಂಗಡಿಯ ಅಣ್ಣ ಗಟ್ಟಿಯಾಗಿ ನಕ್ಕು ಕೈ ಎತ್ತಿದ. ಅವನ ಹಿಂದೆ ಉಳಿದವರೂ ಎತ್ತಿದರು. ದೊಡ್ಡಮೇಡಂ ಒಂದು ತಿಂಗಳು ಗಡುವು ಕೊಟ್ಟರು. ಆಮೇಲೆ ಒಂದು ಬೆಳಿಗ್ಗೆ ತಾವೇ ಜೊತೆಗೆ ಬಂದು ನೋಡುತ್ತಾರೆ. ಮಕ್ಕಳು ನೆಮ್ಮದಿಯಾಗಿ ಬಂದರೆ ಕೋಣೆ ಉಳಿಯುತ್ತದೆ, ಇಲ್ಲದಿದ್ದರೆ ಬೆಂಚುಗಳು ಬರುತ್ತವೆ.

ಮನೆಗೆ ಹೋಗುವಾಗ ಆದ್ರಮ್ಮನಿಗೆ ತಾನು ನಡೆಯುತ್ತಿದ್ದೇನೋ ಓಡುತ್ತಿದ್ದೇನೋ ಗೊತ್ತಾಗಲಿಲ್ಲ. ಹೆದರಿಕೆಯೂ ಖುಷಿಯೂ ಒಂದೇ ಒಲೆಯ ಮೇಲೆ ಕುದಿಯುತ್ತಿದ್ದವು.

ಒಂದು ತಿಂಗಳ ಮಟ್ಟಿಗೆ ಎಲ್ಲರೂ ಹೇಗೋ ಪುರುಸೊತ್ತು ಮಾಡಿಕೊಂಡು ಮಕ್ಕಳನ್ನು ಕರೆತಂದರು. ಮಾರನೆಯ ದಿನದಿಂದಲೇ ಕೋಣೆಯಲ್ಲಿ ಬಸ್ಸು ಶುರುವಾಯಿತು. ಕುರ್ಚಿಗಳನ್ನು ಎರಡೆರಡಾಗಿ ಸಾಲಿಟ್ಟರು. ಮುಂದೆ ಕೂತು ತಟ್ಟೆಯನ್ನೇ ಸ್ಟೀರಿಂಗ್ ಮಾಡಿ ತಿರುಗಿಸುವವನು ಕ್ಷೌರದಂಗಡಿಯ ಅಣ್ಣ. ಕಂಡಕ್ಟರ್ ಆದ್ರಮ್ಮ. ಅವಳೇನು ಸುಮ್ಮನೆ ಕಂಡಕ್ಟರ್ ಆದವಳೇ? ಅಂಗಡಿಗೆ ಹೋಗುವಾಗ ಶಾಲೆಯ ದಾರಿಯ ಬಸ್ಸನ್ನೇ ಹತ್ತಿ, ಅದರ ಕಂಡಕ್ಟರು ಸೀಟಿ ಊದುವುದು, ಬೆರಳ ಸಂದಿಯಲ್ಲಿ ನೋಟು ಮಡಚುವುದು, ಜನರನ್ನು ಗದರುವುದು, ಎಲ್ಲವನ್ನೂ ನೋಡಿ ಕಲಿತಳು. “ಒಳಗೆ ಹೋಗಿ, ಒಳಗೆ ಹೋಗಿ! ಹಿಂದೆ ಎಲ್ಲಾ ಖಾಲಿ! ಬಾಗಿಲಲ್ಲೇ ಮನೆ ಕಟ್ತೀರಾ?” ಎಂದು ಅವಳು ಅದೇ ದನಿಯಲ್ಲಿ ಕೂಗಿದಾಗ ಟೀಚರ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ರೂಢಿಯಾಗುವವರೆಗೆ ಒಂದೊಂದು ಮಗುವಿಗೆ ಒಬ್ಬೊಬ್ಬರು ದೊಡ್ಡವರು. ಅದಕ್ಕೂ ಒಂದು ಕಟ್ಟಳೆಯನ್ನು ಅಜ್ಜಿ ಹಾಕಿದರು. ಯಾರೂ ತಮ್ಮ ಮಗುವಿನ ಕೈ ಹಿಡಿಯಬಾರದು.

“ಯಾಕಜ್ಜಿ?” ಆದ್ರಮ್ಮನ ದನಿ ಕೀಚಲಾಯಿತು.

“ಸ್ವಂತ ಮಗು ಅಂದ್ರೆ ಎದೆ ಬಾಯಿಗೆ ಬರುತ್ತೆ. ಪಕ್ಕದವರ ಮಗು ಅಂದ್ರೆ ತಲೆಗೆ ಬುದ್ಧಿ ಬರುತ್ತೆ.”

ಹಾಗಾಗಿ ಆದ್ರಮ್ಮನ ಮಗಳು ಕ್ಷೌರದಂಗಡಿಯ ಅಣ್ಣನ ಪಾಲಾದಳು. ಅವನ ಮಗ, ಮೀಸೆ ಚಿಗುರುತ್ತಿದ್ದ ದಪ್ಪ ಹುಡುಗ, ಹಿಡಿದ ಕೈಯನ್ನು ಬಿಡುವುದೇ ತಿಳಿಯದ ಪೈಲ್ವಾನ, ಆದ್ರಮ್ಮನ ಪಾಲಾದ. ಅಜ್ಜಿಯ ಮೊಮ್ಮಗಳು ಓಟದ ರಾಣಿ. ಬಾಗಿಲು ಕಂಡರೆ ಸಾಕು, ನುಗ್ಗುತ್ತಾಳೆ. ಅವಳನ್ನು ಟೀಚರ್ ಹಿಡಿದರು. ಉಳಿದ ಮಕ್ಕಳಿಗೂ ಹೀಗೆಯೇ ಅದಲು ಬದಲು. ಆದ್ರಮ್ಮನಿಗೆ ಮೊದಮೊದಲು ಪೈಲ್ವಾನನ ಕೈಯಲ್ಲಿ ಬೆರಳು ನುಜ್ಜಾದರೂ ಕಣ್ಣೆಲ್ಲ ಮಗಳ ಮೇಲೆಯೇ. ಆ ಅಣ್ಣನೋ, ಕತ್ತರಿ ಕಂಡು ಅಳುವ ಮಕ್ಕಳ ತಲೆಗೂದಲು ಕತ್ತರಿಸಿ ಅಭ್ಯಾಸವಾದವನು. ಮಗಳನ್ನು ಏನೂ ಕೇಳದೆ, ಏನೂ ಅವಸರ ಮಾಡದೆ ಸುಮ್ಮನೆ ಕಾಯುತ್ತಿದ್ದ. ಕೆಲವೇ ದಿನಗಳಲ್ಲಿ ಅವಳು ತಾನಾಗಿ ಮೂರನೆಯ ಸಾಲಿನ ಕಿಟಕಿಬದಿ ಕುರ್ಚಿಗೆ ಹೋಗಿ, ಟಿಕೆಟ್ಟಿಗೆ ಕೈ ಚಾಚತೊಡಗಿದಳು!

ಆದ್ರಮ್ಮ ಒಂದನ್ನೂ ಬಿಡಲಿಲ್ಲ. ವಾಂತಿಗೆ ಚೀಲ, ಮೂಗಿನಿಂದ ರಕ್ತ ಬಂದರೆ ಹತ್ತಿ, ಗಕ್ಕನೆ ಬ್ರೇಕು ಹಾಕಿದರೆ ಹೇಗೆ ಹಿಡಿದುಕೊಳ್ಳುವುದು, ಮಳೆ ಬಂದರೆ, ಚಕ್ರ ಪಂಕ್ಚರ್ ಆದರೆ. ಪಂಕ್ಚರಿನ ದಿನ ಎಲ್ಲರೂ ಕುರ್ಚಿಯಿಂದಿಳಿದು ಕೋಣೆಯ ಮೂಲೆಯಲ್ಲಿ ‘ರಸ್ತೆ ಬದಿ’ ನಿಂತರು. “ಇನ್ನು ಭೂಕಂಪ ಒಂದು ಬಾಕಿ” ಎಂದ ಡ್ರೈವರಣ್ಣ.

ಪರೀಕ್ಷೆಯ ಬೆಳಿಗ್ಗೆ ಬಂತು. ನಿಲ್ದಾಣದಲ್ಲಿ ಮಕ್ಕಳೆಲ್ಲ ಹೇಳಿಕೊಟ್ಟಂತೆ ಸಾಲಾಗಿ ನಿಂತಿದ್ದರು. ದೊಡ್ಡಮೇಡಂ ಪಕ್ಕದಲ್ಲಿ ಕೊಡೆ ಊರಿಕೊಂಡು ನಿಂತಿದ್ದರು. ಬಸ್ಸು ತಿರುವಿನಲ್ಲಿ ಕಾಣಿಸಿತು. ಒಂದು ಮಗ್ಗುಲಿಗೆ ವಾಲಿಕೊಂಡು, ಬಾಗಿಲಲ್ಲಿ ಜನ ಜೋತು, ಕಿಟಕಿಗಳಲ್ಲಿ ಮೊಣಕೈಗಳು ತುರುಕಿಕೊಂಡು ಬರುತ್ತಿತ್ತು.

ಕ್ಷೌರದಂಗಡಿಯ ಅಣ್ಣ ಮೆಲ್ಲಗೆ ಕೇಳಿದ, “ಆದ್ರಮ್ಮ, ನಮ್ಮ ಬಸ್ಸಲ್ಲಿ ಇಷ್ಟು ಜನ ಇರಲಿಲ್ಲ ಅಲ್ವಾ?”

ಅವಳು ಮನಸ್ಸಿನಲ್ಲೇ ಕೋಣೆಯ ಕುರ್ಚಿಗಳನ್ನು ಎಣಿಸಿದಳು. ಎಷ್ಟು ಜನರೋ ಅಷ್ಟು ಕುರ್ಚಿ! ತಿಂಗಳಿಡೀ ಒಬ್ಬರಿಗೂ ನಿಲ್ಲುವ ಪಾಳಿ ಬಂದಿರಲಿಲ್ಲ. ಪಂಕ್ಚರನ್ನು ನೆನೆಸಿಕೊಂಡವಳಿಗೆ ಜನ ನೆನಪಾಗಿರಲಿಲ್ಲ! ತಾನು ದಿನಾ ಅದೇ ಬಸ್ಸಲ್ಲಿ ಜೋತಾಡಿಕೊಂಡು ಹೋಗಿದ್ದರೂ, ಕಣ್ಣೆಲ್ಲ ಕಂಡಕ್ಟರನ ಮೇಲಿತ್ತು.

“ಮುಂದಿನ ಬಸ್ಸಿಗೆ...” ಎಂದು ಅವಳು ತೊದಲುವಷ್ಟರಲ್ಲಿ ಬಸ್ಸು ನಿಂತಿತ್ತು. ಬಾಗಿಲು ಕಂಡ ಓಟದ ರಾಣಿ ಟೀಚರನ್ನೂ ಎಳೆದುಕೊಂಡು ನುಗ್ಗಿಬಿಟ್ಟಳು.

“ರಾಣಿ ಹತ್ತಿದ್ಮೇಲೆ ಸೈನ್ಯ ಕೆಳಗಿರುತ್ತಾ? ಹತ್ರೋ!” ಎಂದರು ಅಜ್ಜಿ.

ಹತ್ತಿದರು. ಆದ್ರಮ್ಮ ಹಿಂಬಾಗಿಲ ಹತ್ತಿರ ಸಿಕ್ಕಿಕೊಂಡಳು. ಪೈಲ್ವಾನ ಅವಳ ಕೈಯನ್ನು ಒದ್ದೆ ಬಟ್ಟೆ ಹಿಂಡುವಂತೆ ಹಿಡಿದಿದ್ದ. ಜನರ ತಲೆಗಳ ನಡುವೆ ಮಗಳು ಕಂಡಳು. ಕಾಲುಗಳ ಸಂದಿಯಲ್ಲಿ ತೂರಿ, ನೇರ ಮೂರನೆಯ ಸಾಲಿನ ಕಿಟಕಿಗೆ ಹೋದಳು. ಅಲ್ಲೊಬ್ಬ ದಪ್ಪ ಯಜಮಾನರು ತೊಡೆಯ ಮೇಲೆ ಚೀಲವಿಟ್ಟುಕೊಂಡು ತೂಕಡಿಸುತ್ತಿದ್ದರು. ಮಗಳು ತನ್ನ ಸೀಟಿನಲ್ಲಿ ಕೂರುವಂತೆ ನಿರಾಳವಾಗಿ ಆ ಚೀಲದ ಮೇಲೆ ಕೂರಹೋದಳು.

“ಏಯ್, ಏಯ್! ಮೊಟ್ಟೆ! ಮೊಟ್ಟೆ ಇದೆ!” ಯಜಮಾನರು ಬೆಚ್ಚಿ ಚೀಲವನ್ನು ತಲೆಯ ಮೇಲೆತ್ತಿದರು. “ಯಾರ ಮಗು ಇದು?”

ಮಗಳು ಎರಡೂ ಕಿವಿ ಮುಚ್ಚಿಕೊಂಡಳು. ತಾಯಿಗೆ ಗೊತ್ತು, ಕಿವಿಯಾದ ಮೇಲೆ ಗದ್ದ ನಡುಗುತ್ತದೆ, ಗದ್ದವಾದ ಮೇಲೆ ಬೀದಿಯೇ ತಿರುಗಿ ನೋಡುವ ಕಿರುಚಾಟ. ಮುಂದೆ ದೊಡ್ಡಮೇಡಂ ಕತ್ತು ತಿರುಗಿಸಿ ನೋಡುತ್ತಿದ್ದರು. ಹಳೆಯ ಬೆಂಚುಗಳು ಸಾಲುಗಟ್ಟಿ ಕೋಣೆಗೆ ನಡೆದುಬರುವುದು ಆದ್ರಮ್ಮನ ಕಣ್ಣಿಗೆ ಕಟ್ಟಿತು. ಮಗಳ ಬಳಿಗೆ ಓಡಬೇಕೆಂದರೆ ಪೈಲ್ವಾನನ ಹಿಡಿತ. “ಅವಳಿಗೆ ಮಾತು...” ಎಂದು ಬಾಯಿ ತೆರೆದಳು. ಕ್ಷೌರದಂಗಡಿಯ ಅಣ್ಣ ಅಲ್ಲಿಂದಲೇ ಅವಳನ್ನು ನೋಡಿ ತಲೆ ಅಲ್ಲಾಡಿಸಿದ. ಅವನು ಮಗಳ ಪಕ್ಕ ಸುಮ್ಮನೆ ಕಾಯುತ್ತಿದ್ದ, ಕುರ್ಚಿಯ ಬಸ್ಸಿನಲ್ಲಿ ಕಾಯುತ್ತಿದ್ದ ಹಾಗೆಯೇ. ಆದ್ರಮ್ಮ ನಾಲಿಗೆ ಕಚ್ಚಿಕೊಂಡು, ಹುಟ್ಟಿದ ಮೇಲೆ ಮೊದಲ ಸಲ ಎಂಬಂತೆ, ಮಾತನ್ನು ನುಂಗಿದಳು.

ಗದ್ದ ನಡುಗಿತು. ಕೈಗಳು ಕಿವಿಯಿಂದ ಇಳಿದವು.

“ಒಳಗೆ ಹೋಗಿ, ಒಳಗೆ ಹೋಗಿ! ಹಿಂದೆ ಎಲ್ಲಾ ಖಾಲಿ! ಬಾಗಿಲಲ್ಲೇ ಮನೆ ಕಟ್ತೀರಾ?”

ಅದು ಕಿರುಚಾಟವಲ್ಲ, ಗದರಿಕೆ! ಕಂಚಿನಂಥ ದನಿ, ಅದೇ ಏರು, ಅದೇ ಇಳಿತ. ನೋಟು ಮಡಚುತ್ತಿದ್ದ ಕಂಡಕ್ಟರು ತನ್ನ ಮಾತೇ ಮೂರನೆಯ ಸಾಲಿನಿಂದ ಬಂದದ್ದು ಕೇಳಿ ಬೆಪ್ಪಾಗಿ ನಿಂತ. ಆಮೇಲೆ ಹಿಂದಿನಿಂದ ಮುಂದಿನವರೆಗೆ ನಗೆಯ ಅಲೆ ಎದ್ದಿತು.

“ಕೇಳಿಸ್ತಾ? ಹೊಸ ಕಂಡಕ್ಟರು ಹೇಳ್ತಿದ್ದಾರೆ, ಸರೀರಿ!” ಎಂದು ಕಂಡಕ್ಟರು ಕೂಗಿದ. ಜನ ನಿಜಕ್ಕೂ ಸರಿದರು. ಬಾಗಿಲಲ್ಲಿ ಜೋತಿದ್ದವರೂ ಒಳಬಂದರು. ಯಜಮಾನರು ಮೊಟ್ಟೆಚೀಲವನ್ನು ಎದೆಗಪ್ಪಿಕೊಂಡು ಎದ್ದರು.

“ಆಯ್ತು ಕಂಡಕ್ಟರಮ್ಮ, ಹೋದೆ. ಮನೆಯಲ್ಲಿ ನನ್ನ ಹೆಂಡ್ತಿ ಕೂಡ ಇಷ್ಟು ಜೋರು ಮಾಡಲ್ಲ.”

ಮಗಳು ಕಿಟಕಿಗೆ ಕೂತಳು. ಕೂತವಳು, ಜನ ಸರಿದಾಗ ಪಕ್ಕಕ್ಕೆ ಬಂದು ನಿಂತಿದ್ದ ದೊಡ್ಡಮೇಡಂ ಕಡೆ ಕೈ ಚಾಚಿ, “ಟಿಕೆಟ್, ಟಿಕೆಟ್” ಎಂದಳು. ದೊಡ್ಡಮೇಡಂ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಪರ್ಸು ತಡಕಾಡಿ, ತಮ್ಮ ಟಿಕೆಟ್ಟು ತೋರಿಸಿದರು. ಮಗಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟಳು.

ಆದ್ರಮ್ಮ ಪೈಲ್ವಾನನ ತೋಳಿಗೆ ಮುಖ ಒತ್ತಿ ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ಗಿಳಿಪಾಠವಂತೆ! ಯಾವ ಮಾತು ಎಲ್ಲಿ ಹಾಕಬೇಕೆಂದು ಯಾವ ಗಿಳಿಗೆ ಗೊತ್ತು? ಪೈಲ್ವಾನ ಅವಳನ್ನು ನೋಡಿ, ಏನನಿಸಿತೋ, ಹಿಡಿತವನ್ನು ಚೂರು ಸಡಿಲಿಸಿದ.

ಶಾಲೆಯ ಗೇಟಿನಲ್ಲಿ ಮಕ್ಕಳೆಲ್ಲ ಇಳಿದರು. ದೊಡ್ಡಮೇಡಂ ಸೆರಗು ಸರಿಮಾಡಿಕೊಂಡು, ಕೋಣೆಯ ವಿಷಯವನ್ನೂ ಬೆಂಚಿನ ವಿಷಯವನ್ನೂ ಎತ್ತದೆ, “ನಾಳೆ ಯಾರ ಸರದಿ?” ಎಂದರು.

ಎಲ್ಲರೂ ಹೋ ಎಂದರು. ಅಜ್ಜಿ ಮಂಡಿನೋವು ಮರೆತು ಕುಣಿಯುವುದೊಂದು ಬಾಕಿ.

“ಆದ್ರೆ...” ಎಂದಳು ಆದ್ರಮ್ಮ.

“ಶುರುವಾಯ್ತು ನೋಡಿ” ಎಂದ ಕ್ಷೌರದಂಗಡಿಯ ಅಣ್ಣ.

“ಆದ್ರೆ ಇವತ್ತಿಂದ ನಮ್ಮ ಬಸ್ಸಲ್ಲಿ ಕುರ್ಚಿ ಅರ್ಧ ಸಾಕು. ನಿಲ್ಲೋದು ಕಲೀಬೇಕು. ಮತ್ತೆ ಒಬ್ರು ಮೊಟ್ಟೆಚೀಲ ಹಿಡ್ಕೊಂಡು ಕೂರಬೇಕು.”

“ನಿಜವಾದ ಮೊಟ್ಟೆಯಾ?” ಎಂದರು ಅಜ್ಜಿ.

ಆದ್ರಮ್ಮ ಆಗಲೇ ಕೋಣೆಯೊಳಗೆ ಹೋಗಿ ಕುರ್ಚಿಗಳನ್ನು ಎಳೆದು ಗೋಡೆಗೆ ಒತ್ತುತ್ತಿದ್ದಳು. ಬಾಗಿಲಲ್ಲಿ ನಿಂತ ಮಗಳು ಒಳಗೆ ಬರುವವರಿಗೆಲ್ಲ ಗದರುತ್ತಿದ್ದಳು.