ಮಗಳಿಗೆಂದು ಆರಿಸಿದ ತಟ್ಟು

ಮಗಳ ಕಾಲು ಸೋಲುತ್ತಿದೆ ಎನ್ನುವುದು ನನಗೆ ಮೊದಲು ಕಂಡದ್ದು ಅವಳು ನೆಲದಿಂದ ಏಳುವ ರೀತಿಯಲ್ಲಿ. ಊಟ ಮುಗಿಸಿ ಏಳುವಾಗ ಎರಡೂ ಕೈ ಮೊಣಕಾಲಿಗೆ ಊರಿ, ಹಾಗೇ ತೊಡೆಯ ಮೇಲೆ ಹತ್ತಿಸುತ್ತಾ, ತನ್ನ ಮೈಯನ್ನು ತಾನೇ ಮೇಲಕ್ಕೆ ದೂಡಿಕೊಳ್ಳುತ್ತಿದ್ದಳು. "ಅಜ್ಜಿ ಹಾಗೆ ಏಳ್ತೀಯಲ್ಲೇ" ಎಂದು ನಾನು ನಗಾಡಿದ್ದೂ ಉಂಟು. ಆಗ ಅವಳು ಮೂರನೇ ಕ್ಲಾಸು. ಮಂಗಳೂರಿನ ಡಾಕ್ಟರು ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಸ್ನಾಯುಗಳು ಸೊರಗುತ್ತಾ ಹೋಗುವ ಕಾಯಿಲೆ ಇದು, ಮದ್ದಿಲ್ಲ ಎಂದು ನಮ್ಮಿಬ್ಬರಿಗೆ ಹೇಳಿದರು. ಆಗುವಷ್ಟು ದಿನ ಶಾಲೆ ಬಿಡಿಸಬೇಡಿ ಎಂದರು.

ನಮ್ಮನೆಯವರು ಕಳಸದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಎಸ್ಟೇಟಿನ ಲೆಕ್ಕ ಎಲ್ಲ ಅವರ ಕೆಲಸ. ನಮಗೆ ಕೊಟ್ಟ ಮನೆ ಗುಡ್ಡದ ನೆತ್ತಿಯಲ್ಲಿ, ಶಾಲೆ ಕೆಳಗೆ ಟಾರು ರಸ್ತೆಯ ಪಕ್ಕದಲ್ಲಿ. ನಡುವೆ ತೋಟದೊಳಗಿನ ಕಡಿದಾದ ಕಾಲುದಾರಿ. ಜೀಪು, ಲಾರಿ ಬರುವ ಮಣ್ಣುದಾರಿ ಗುಡ್ಡ ಸುತ್ತಿ ಬಹಳ ದೂರ. ದಿನಾ ಬೆಳಿಗ್ಗೆ ಹಾಜರಿ ಹಾಕುವ ಮೊದಲೇ ಅವರು ಮಗಳನ್ನು ಬೆನ್ನ ಮೇಲೆ ಹೊತ್ತು ಇಳಿಸಿ ಬರುತ್ತಿದ್ದರು. ಅವಳು ಬೆಳೆದಳು, ಭಾರವಾದಳು. ಒಂದು ಮಳೆಗಾಲದಲ್ಲಿ ಇವರ ಸೊಂಟ ಹಿಡಿದುಕೊಂಡಿತು. ಎಣ್ಣೆ ಹಚ್ಚಿಸಿಕೊಂಡು ಬೋರಲು ಮಲಗಿದ್ದವರು, "ಒಂದು ಕುದುರೆ ಸಾಕಿದ್ರೆ ಎಂತಾಗುತ್ತೆ ಕಣೇ?" ಎಂದರು. ನೋವಿಗೆ ಏನೋ ಮಾತಾಡುತ್ತಿದ್ದಾರೆ ಎಂದುಕೊಂಡೆ.

ಕುದುರೆ ಬೇಕೆನ್ನುವ ಸುದ್ದಿ ಎಸ್ಟೇಟಿನ ಸಾಹುಕಾರರ ಕಿವಿಗೆ ಬಿತ್ತು. ಬೆಂಗಳೂರಿನ ಅವರ ಸ್ನೇಹಿತರೊಬ್ಬರ ಹತ್ತಿರ ರೇಸು ಬಿಟ್ಟ ಕುದುರೆಯೊಂದಿತ್ತಂತೆ, ಸುಮ್ಮನೇ ಕೊಡುತ್ತಾರಂತೆ. ಫೋಟೋ ಕಳಿಸಿಕೊಟ್ಟರು. ನೀಳ ಕಾಲು, ಮಿರಿಮಿರಿ ಮಿಂಚುವ ಮೈ. ಮಗಳು ಆ ಫೋಟೋವನ್ನು ಸಮಾಜ ಪುಸ್ತಕದೊಳಗೆ ಇಟ್ಟುಕೊಂಡಳು. "ಅಮ್ಮ, ನಂಗೆ ಇದೇ ಇರ್ಲಿ" ಎಂದಳು.

ಸಾಹುಕಾರರ ದನ ನೋಡಲು ಮೂಡಿಗೆರೆಯಿಂದ ಪಶುವೈದ್ಯರು ಬಂದಾಗ ನಾನು ಮನೆಗೆ ಕರೆದು ಆ ಫೋಟೋ ತೋರಿಸಿದೆ.

"ನೋಡಕ್ಕೆ ಚೆಂದ ಅಮ್ಮಾ. ಆದ್ರೆ ಚರ್ಮ ತೆಳು, ಕಾಲು ಸೂಕ್ಷ್ಮ. ಎಲೆ ಅಲುಗಿದ್ರೂ ಬೆದರುತ್ತೆ. ನಮ್ಮ ಮಳೇಲಿ ಒಂದು ವರ್ಷ ನಿಲ್ಲಲ್ಲ. ನೀವು ಊರ ತಟ್ಟು ಕುದುರೆ ನೋಡಿ. ಗಿಡ್ಡ ಇರ್ಬೇಕು, ಗೊರಸು ಗಟ್ಟಿ ಇರ್ಬೇಕು. ಹುಲ್ಲು ಸಿಕ್ರೆ ಅದಕ್ಕೆ ಬೇರೆ ಎಂತದೂ ಬೇಡ."

"ಬಾಳಿಕೆ ಬರುತ್ತಾ?"

"ಅಯ್ಯೋ, ಅದು ಗಟ್ಟಿ ಜಾತಿ. ನಿಮ್ಮ ಮಗಳ ಮದುವೆವರೆಗೂ ಇರುತ್ತೆ."

ಅವರಿಗೆ ಕಾಯಿಲೆಯ ವಿಷಯ ಗೊತ್ತಿರಲಿಲ್ಲ. ನಾನು ಕಾಫಿ ತರುತ್ತೇನೆಂದು ಒಳಗೆ ಹೋದವಳು ತುಂಬಾ ಹೊತ್ತು ಒಲೆಯ ಮುಂದೆಯೇ ನಿಂತಿದ್ದೆ.

ಚಿಕ್ಕಮಗಳೂರಿನಲ್ಲಿ ಆಟೋಗಳು ಹೆಚ್ಚಾದ್ದರಿಂದ ಜಟಕಾ ಹೊಡೆಯುವುದನ್ನು ಬಿಡುತ್ತಿದ್ದ ಒಬ್ಬ ಮುದುಕರ ಬಳಿ ಎರಡು ತಟ್ಟುಗಳಿದ್ದವು. ಚಿಕ್ಕ ಪ್ರಾಯದ್ದು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಇನ್ನೊಂದು ಕಂದು ಬಣ್ಣದ ಹೆಣ್ಣು. ಅದರ ಮುಖದ ಮುಂದೆ ಫಟ್ಟೆಂದು ಕೊಡೆ ಬಿಡಿಸಿದೆ. ಒಂದು ಕಿವಿ ತಿರುಗಿಸಿತು, ಅಷ್ಟೇ. ನಮ್ಮನೆಯವರು ಅದರ ಬೆನ್ನಿಗೆ ಅಕ್ಕಿ ಮೂಟೆ ಹೇರಿ ಪಕ್ಕದ ದಿಬ್ಬ ಹತ್ತಿಸಿ ಇಳಿಸಿದರು. ಎಲ್ಲೂ ಎಡವಲಿಲ್ಲ.

"ಇದಕ್ಕೆ ಒಂದು ದಿನ ಕಾಯಿಲೆ ಅಂತ ಬಂದಿಲ್ಲ ಅಮ್ಮಾ" ಎಂದು ಮುದುಕರು ಅದರ ಕುತ್ತಿಗೆ ಸವರಿದರು.

ಲಾರಿಯಿಂದ ಇಳಿದದ್ದನ್ನು ನೋಡಿ ಮಗಳು, "ಇದು ಕತ್ತೆ!" ಎಂದು ಅತ್ತಳು. ಎರಡು ದಿನ ಅದರ ಕಡೆ ತಿರುಗಿ ನೋಡಲಿಲ್ಲ. ಆಮೇಲೆ ಬೆಲ್ಲದ ಡಬ್ಬಿ ಖಾಲಿಯಾಗತೊಡಗಿತು.

ಬಡಗಿಯೊಬ್ಬರು ಹಿಂದೆ ಮುಂದೆ ಆಸರೆಯಿರುವ ಜೀನು ಮಾಡಿಕೊಟ್ಟರು. ಕಾಫಿ ಒಣಗಿಸುವ ಕಣದ ಕಟ್ಟೆಯ ಮೇಲಿಂದ ಅವಳನ್ನು ಕೂರಿಸಿ ಹಗ್ಗ ಹಿಡಿದು ನಾನೇ ನಡೆಸುತ್ತಿದ್ದೆ. ಹೆಂಗಸು ಕುದುರೆ ಹೊಡೆದುಕೊಂಡು ಹೋಗುವುದನ್ನು ಕಂಡು ಕೆಲಸದವರು ನಗುತ್ತಿದ್ದರು, ಆಮೇಲೆ ಅವರೇ ದಾರಿಗೆ ಬಾಗಿದ ಕೊಂಬೆಗಳನ್ನು ಕಡಿದು ಕೊಟ್ಟರು. ಎಂಥ ಮಳೆಯಲ್ಲೂ ತಟ್ಟು ಕಾಲು ಜಾರಲಿಲ್ಲ. ಸಂಜೆ ಗೊರಸಿನ ಮಣ್ಣು ಕೆರೆದು, ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ ಕಿತ್ತರೆ ಅದರ ಆರೈಕೆ ಮುಗಿಯಿತು. ಕಾಫಿ ಹೂ ಬಿಟ್ಟಾಗ ಮಗಳು ಮೇಲಿಂದ ಕೈ ಚಾಚಿ ಗಿಡಗಳನ್ನು ಸವರುತ್ತಾ ಹೋಗುತ್ತಿದ್ದಳು. ಡಾಕ್ಟರು ತಪ್ಪು ಹೇಳಿರಬಹುದೇ ಎಂದು ಆ ದಿನಗಳಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಹೇಳದೆ ಯೋಚಿಸಿದ್ದೆವು.

ಏಳನೇ ಕ್ಲಾಸಿಗೆ ಬರುವಷ್ಟರಲ್ಲಿ ಅವಳ ಬೆನ್ನು ಒಂದು ಕಡೆಗೆ ವಾಲತೊಡಗಿತು. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಅವಳ ಸೊಂಟ ಹಿಡಿದು ನಡೆದೆ. ನಮ್ಮನೆಯವರು ಹಳೇ ಪಂಚೆಯಿಂದ ಅವಳನ್ನು ಜೀನಿಗೆ ಕಟ್ಟಿ ನೋಡಿದರು. ಇಳಿಜಾರಿನಲ್ಲಿ ತಲೆ ಮುಂದಕ್ಕೆ ಬಿದ್ದರೆ ಎತ್ತಿಕೊಳ್ಳಲು ಅವಳಿಗೆ ಆಗುತ್ತಿರಲಿಲ್ಲ.

"ಅಮ್ಮ, ನಾಳೆಯಿಂದ ಬೇಡ. ಹೆದ್ರಿಕೆ ಆಗುತ್ತೆ."

"ನಾನು ಹಿಡ್ಕೊಂಡಿರ್ತೀನಲ್ಲೇ."

"ನೀನು ಹಿಡ್ಕೊಂಡ್ರೂ ಬೀಳ್ತೀನಿ."

ಅಲ್ಲಿಗೆ ಶಾಲೆ ನಿಂತಿತು. ಅವಳನ್ನು ಕಿಟಕಿಯ ಪಕ್ಕ ಮಲಗಿಸುತ್ತಿದ್ದೆವು. ನೋಡಿಕೊಂಡಿರಲಿ ಎಂದು ತಟ್ಟನ್ನು ಎದುರಿಗೇ ಕಟ್ಟಿದ್ದೆ. ಒಂದು ಮಧ್ಯಾಹ್ನ, "ಅದನ್ನ ಆ ಕಡೆ ಕಟ್ಟಮ್ಮ, ಕಾಣದ ಹಾಗೆ" ಎಂದಳು. ಹೋಗಿ ಮನೆಯ ಹಿಂದೆ ಕಟ್ಟಿ ಬಂದೆ.

ಕಾಫಿ ಕೊಯ್ಲಿನ ಹೊತ್ತಿಗೆ ಅವಳಿಗೆ ಕಫ ಕಟ್ಟಿತು. ಕೆಮ್ಮುವುದಕ್ಕೂ ಎದೆಯಲ್ಲಿ ಬಲವಿರಲಿಲ್ಲ. ಸಾಹುಕಾರರ ಜೀಪಿನಲ್ಲಿ ಮೂಡಿಗೆರೆಗೆ ಕರೆದುಕೊಂಡು ಹೋಗುವಾಗ ದಾರಿಯಲ್ಲೇ, ನನ್ನ ತೊಡೆಯ ಮೇಲೆ, ಉಸಿರು ನಿಂತಿತು. ಡ್ರೈವರಿಗೆ ಗೊತ್ತಾಗಲಿಲ್ಲ, ಓಡಿಸುತ್ತಲೇ ಇದ್ದರು. ನಾನೂ ಹೇಳಲಿಲ್ಲ.

ಆಮೇಲೂ ತಟ್ಟು ಚೆನ್ನಾಗಿಯೇ ಇತ್ತು. ನಾನು ಹುಲ್ಲು ಹಾಕಲು ಮರೆತರೆ ತಾನೇ ಬೇಲಿಯಂಚಿನಲ್ಲಿ ಮೇಯುತ್ತಿತ್ತು. ಮಳೆಯಲ್ಲಿ ನೆನೆದರೂ ಒಂದು ಸೀನೂ ಇಲ್ಲ. ಮೈ ತುಂಬಿಕೊಂಡು ಹೊಳೆಯುತ್ತಿತ್ತು. ಎಷ್ಟು ನೋಡಿ, ಎಷ್ಟು ವಿಚಾರಿಸಿ ಆ ಗಟ್ಟಿತನವನ್ನು ಆರಿಸಿದ್ದೆವು! ಅದರ ಹೊಟ್ಟೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ಪೊರಕೆಯಿಂದ ಹೊಡೆದೂ ಬಿಟ್ಟೆ. ಅದು ಕದಲದೆ ನಿಂತಿತ್ತು, ಕೊಡೆ ಬಿಚ್ಚಿದಾಗ ನಿಂತ ಹಾಗೆಯೇ.

ಕೆಲವು ವರ್ಷಗಳ ನಂತರ ನಮ್ಮ ಕಡೆಯೂ ಹೋಂಸ್ಟೇಗಳು ಬಂದವು. ಅಂಥದ್ದೊಂದರ ಯಜಮಾನರು ಮನೆಗೆ ಬಂದು, ಪೇಟೆಯಿಂದ ಬರುವ ಮಕ್ಕಳನ್ನು ಕೂರಿಸಲು ತಟ್ಟು ಬೇಕು, ಕೊಡುತ್ತೀರಾ ಎಂದು ಕೇಳಿದರು.

"ಖರ್ಚು ಜಾಸ್ತಿನಾ? ಕಾಯಿಲೆ ಗೀಯಿಲೆ?"

"ಎಂತದೂ ಇಲ್ಲ" ಎಂದೆ. "ಹುಲ್ಲು ತಿಂದುಕೊಂಡು ಇರುತ್ತೆ."

ತಟ್ಟನ್ನು ಒಯ್ಯಲು ಅವರು ಬಂದ ದಿನ ನಮ್ಮನೆಯವರು ಬೇಗನೇ ತೋಟಕ್ಕೆ ಹೋಗಿಬಿಟ್ಟಿದ್ದರು. ಹಗ್ಗ ಬಿಚ್ಚಿ ನಾನೇ ಕೊಟ್ಟೆ. ಜೀನು ಬೇಕು ಎಂದು ಅವರು ಕೇಳದಿದ್ದರೂ ತಂದು ಜೀಪಿನಲ್ಲಿಟ್ಟೆ, ಮನೆಯಲ್ಲಿಟ್ಟುಕೊಂಡು ಮಾಡುವುದೇನಿತ್ತು. ಅವರ ಆಳು ತಟ್ಟನ್ನು ಹಿಡಿದುಕೊಂಡು ಕಾಲುದಾರಿಯಲ್ಲಿ ಇಳಿದ. ಕೊಟ್ಟಿಗೆ ಗುಡಿಸಿ ನೀರು ಹಾಕಿದೆ. ಇವರು ಮಧ್ಯಾಹ್ನ ಊಟಕ್ಕೆ ಬಂದರು. ಬಡಿಸಿದ್ದನ್ನು ಉಂಡು ಮತ್ತೆ ತೋಟಕ್ಕೆ ಹೋದರು.