ದೊಡ್ಡಪ್ಪ ಕಂಡ ಬಾತುಗಳು

ಕಾಲುವೆ ನೀರು ಬಂದ ಮೇಲೆ ಶಹಾಪುರದ ಬಳಿಯ ನಮ್ಮ ಹೊಲದಲ್ಲಿ ಜೋಳ ಹೋಗಿ ಭತ್ತ ಬಂತು. ಭತ್ತದ ಹಿಂದೆಯೇ ಹಕ್ಕಿಗಳೂ ಬಂದವು. ಹೆಡ್‌ಮಾಸ್ತರಿಕೆಯಿಂದ ನಿವೃತ್ತರಾಗಿದ್ದ ನಮ್ಮ ದೊಡ್ಡಪ್ಪ ದಿನಾ ಬೆಳಿಗ್ಗೆ ಬದುವಿನ ಮೇಲೆ ನಿಂತು, ಎಣ್ಣೆ ಡಬ್ಬಿ ಬಡಿದು ಅವನ್ನು ಓಡಿಸುತ್ತಿದ್ದರು. ಅಂಥವರು ಒಂದು ಚಳಿಗಾಲ ಹೈದರಾಬಾದಿನಿಂದ ದುರ್ಬೀನು ತರಿಸಿಕೊಂಡು, ಸುರಪುರದಾಚೆಯ ಬೋನ್ಹಾಳ ಕೆರೆಗೆ ಪಕ್ಷಿ ನೋಡಲು ಹೋಗೋಣವೆಂದರು.

ಹೊರಟವರು ದೊಡ್ಡಪ್ಪ, ದೊಡ್ಡವ್ವ, ನಾನು. ದೊಡ್ಡವ್ವನಿಗೆ ಹಕ್ಕಿಯ ಆಸೆಯೇನೂ ಇರಲಿಲ್ಲ. “ಹೊರಗ ಕುಂತು ರೊಟ್ಟಿ ತಿಂದು ಭಾಳ ವರ್ಷ ಆತು” ಎಂದು ಬುತ್ತಿ ಕಟ್ಟಿಕೊಂಡು ಬಂದಿದ್ದಳು.

ಪಾಠ ಬಸ್ಸಿನಲ್ಲೇ ಶುರುವಾಯಿತು. “ಹಕ್ಕಿ ನೋಡೂದಂದ್ರ ತಪಸ್ಸು. ಮಾತಾಡಬಾರದು, ಕೆಮ್ಮಬಾರದು” ಎಂದು ದೊಡ್ಡಪ್ಪ ಮುಂದಿನ ಬಾಗಿಲಲ್ಲಿದ್ದ ಕಂಡಕ್ಟರನಿಗೂ ಕೇಳಿಸುವಂತೆ ಹೇಳಿದರು.

ಕೆರೆಯ ಏರಿ ಹತ್ತಿದಾಗ ನೀರಿನ ತುಂಬ ಹಕ್ಕಿಗಳಿದ್ದವು. ದೊಡ್ಡವ್ವ ನೀರಿನಂಚಿನ ಜಾಲಿ ಮರದ ನೆರಳು ಹಿಡಿದಳು. ದೊಡ್ಡಪ್ಪ ಮಾತ್ರ ಏರಿಯ ಮೇಲೆ ನಿಂತು, ಮೌನದ ಮಹತ್ವವನ್ನು ನನಗೆ ಇನ್ನೊಮ್ಮೆ ವಿವರಿಸಿದರು. ಅಷ್ಟರಲ್ಲಿ ನಡುನೀರಿನಲ್ಲಿ ತೆಪ್ಪದ ಮೇಲೆ ಸದ್ದಿಲ್ಲದೆ ಬಲೆ ಬಿಡುತ್ತಿದ್ದ ಮೀನುಗಾರ ಅವರ ಕಣ್ಣಿಗೆ ಬಿದ್ದ.

“ಏ ತಮ್ಮಾ! ಗದ್ದಲ ಮಾಡಬ್ಯಾಡೋ! ಹಕ್ಕಿ ಹೆದರತಾವ!”

ಇಡೀ ಶಾಲೆಯನ್ನು ಅಂಗಳದಿಂದಲೇ ಗಪ್‌ಚುಪ್ ಕೂರಿಸಿದ್ದ ಗಂಟಲು ಅದು. ಅರ್ಧ ಕೆರೆ ಮೇಲೆದ್ದಿತು. ಮೀನುಗಾರ ಕಿವಿಗೆ ಕೈ ಹಚ್ಚಿ “ಏನಂದ್ರೀ?” ಎಂದ. ದೊಡ್ಡಪ್ಪ ಇನ್ನೂ ಜೋರಾಗಿ ತಿಳಿಸಿ ಹೇಳಿದರು. ಉಳಿದರ್ಧವೂ ಎದ್ದಿತು.

ಆಮೇಲೆ ನಾವಿಬ್ಬರೂ ಹಕ್ಕಿಗಳ ಬೆನ್ನು ಹತ್ತಿ ದಂಡೆ ಸುತ್ತಿದೆವು. ನಾವು ಹೋದಲ್ಲಿ ಅವು ಇರಲಿಲ್ಲ. ಬಿಸಿಲಿಗೆ ಸೋತು ಮರಳಿದಾಗ, ಜಾಲಿ ಮರದ ಕೆಳಗೆ ದೊಡ್ಡವ್ವ ರೊಟ್ಟಿ ಮುರಿಯುತ್ತಿದ್ದಳು. ಅವಳ ಸುತ್ತ ಬೂದು ಬಣ್ಣದ ದೊಡ್ಡ ಬಾತುಗಳು, ಮನೆಯ ಕೋಳಿಗಳ ಹಾಗೆ, ಹುಲ್ಲು ಮೇಯುತ್ತಿದ್ದವು.

“ಏಯ್! ಅಲುಗಾಡಬ್ಯಾಡ! ಅಲ್ಲೇ ಇರು!” ಎಂದು ದೊಡ್ಡಪ್ಪ ಕೂಗಿದರು. ದೊಡ್ಡವ್ವ ಅಲುಗಾಡಲಿಲ್ಲ. ಬಾತುಗಳು ಹಾರಿಹೋದವು. ದೊಡ್ಡಪ್ಪ ದುರ್ಬೀನು ಕಣ್ಣಿಗಿಟ್ಟರು. ಅದರ ಮುಚ್ಚಳ ತೆಗೆದಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದರು: “ಹೆಂಗಿದ್ವು?”

“ತಲಿಮ್ಯಾಲ ಎರಡು ಕರೀ ಪಟ್ಟಿ, ಹಳದಿ ಚುಂಚ. ಅವು ಹುಲ್ಲು ತಿನ್ನಾಕತ್ತಿದ್ವು, ನಾ ರೊಟ್ಟಿ ತಿನ್ನಾಕತ್ತಿದ್ದೆ. ಒಬ್ಬರಿಗೊಬ್ಬರು ಮಾತಾಡಸ್ಲಿಲ್ಲ” ಎಂದಳು.

ಸಂಜೆ ನೆರೆಮನೆಯವರು ವಿಚಾರಿಸಲು ಬಂದರು. “ಒಂದು ಮಾರು ದೂರದಾಗ ಬಂದು ನಿಂತ್ವು ನೋಡ್ರಿ” ಎಂದರು ದೊಡ್ಡಪ್ಪ. “ನಾ ಉಸಿರು ಸೈತ ಬಿಡಲಿಲ್ಲ. ತಲಿಮ್ಯಾಲ ಮೂರು ಕರೀ ಪಟ್ಟಿ!”

“ಎರಡ್ರಿ” ಎಂದಳು ಚಹಾ ತಂದ ದೊಡ್ಡವ್ವ.

“ಹಾಂ, ಎರಡು.”

“ನೀವೂ ನೋಡಿದ್ರೇನವ್ವ?” ಎಂದು ನೆರೆಯವರು ಕೇಳಿದರು.

“ನಾ ಊಟಕ್ಕ ಕುಂತಿದ್ದೆರಿ” ಎಂದು ಕಪ್ಪು ಕೊಟ್ಟು ಒಳಗೆ ಹೋದಳು.

ನನಗೆ ತಡೆಯಲಾಗಲಿಲ್ಲ. ಅಡುಗೆ ಮನೆಗೆ ಹೋಗಿ, ನಿಜ ಯಾಕೆ ಹೇಳಲಿಲ್ಲವೆಂದು ಕೇಳಿದೆ. ದೊಡ್ಡವ್ವ ಬುತ್ತಿಯ ಬಟ್ಟೆ ಝಾಡಿಸುತ್ತ ನಕ್ಕಳು.

“ಹೇಳಿಕೊಳ್ಳಲಿ ಬಿಡು. ಪಾಪ, ಮುಂಜಾನಿಂದ ಒದರಿ ಒದರಿ ದಣಿದಾರ.”