ಯಾರೂ ಒತ್ತದ ಬೆಲ್

ಓಡೈಪಟ್ಟಿಯ ನಮ್ಮ ಮನೆಯಿಂದ ಬಾವಿಯ ಮೋಟಾರು ಶೆಡ್ಡಿಗೆ ಕೂಗಿದರೆ ಕೇಳಿಸುತ್ತಿರಲಿಲ್ಲ. ನಡುವೆ ದ್ರಾಕ್ಷಿ ತೋಟವಿತ್ತು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಊಟಕ್ಕೆ ಕರೆಯುವುದೇ ಒಂದು ದೊಡ್ಡ ಕೆಲಸವಾಗಿತ್ತು. ಅತ್ತೆ ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ಕೂಗುತ್ತಿದ್ದರು. ಮೋಟಾರು ಓಡುತ್ತಿದ್ದರೆ ಅದೂ ವ್ಯರ್ಥ. ಸಾರು ಆರುತ್ತಿತ್ತು, ಅತ್ತೆ ಕೆಮ್ಮುತ್ತಿದ್ದರು, ಮಾವನಿಗೂ ನನ್ನ ಗಂಡನಿಗೂ ಏನೂ ಗೊತ್ತಾಗುತ್ತಿರಲಿಲ್ಲ.

ಅರವತ್ತರ ದಶಕ ಅದು. ಬಾವಿಗಳಿಗೆ ಕರೆಂಟು ಬಂದು ಹೆಚ್ಚು ಕಾಲವಾಗಿರಲಿಲ್ಲ. ಮೋಟಾರಿಗೆ ಏನೋ ಸಾಮಾನು ಬೇಕೆಂದು ದಿಂಡಿಗಲ್ಲಿಗೆ ಹೋದ ನನ್ನ ಗಂಡ ಬರುವಾಗ ಒಂದು ಬೆಲ್ಲು, ಅದಕ್ಕೆ ಬ್ಯಾಟರಿ, ಒಂದು ಗುಂಡಿ, ಒಂದು ಕಂತೆ ವೈರು ಹಿಡಿದುಕೊಂಡು ಬಂದರು. ವೈರು ಒಂದೇ ಉದ್ದದ್ದಲ್ಲ. ಅಂಗಡಿಯಲ್ಲಿ ಉಳಿದಿದ್ದ ತುಂಡುಗಳನ್ನೆಲ್ಲ ತಂದಿದ್ದರು. ಅವನ್ನು ಒಂದಕ್ಕೊಂದು ತಿರುಚಿ ಉದ್ದದ ಎರಡು ಎಳೆ ಮಾಡಿ, ಗಂಟುಗಳಿಗೆ ಹಳೆ ಬಟ್ಟೆಯ ಚೂರು ಸುತ್ತಿ, ದ್ರಾಕ್ಷಿ ಚಪ್ಪರದ ಕಬ್ಬಿಣದ ತಂತಿಯ ಜೊತೆಗೇ ಕಟ್ಟುತ್ತಾ ಹೋದರು. ಬೆಲ್ಲೂ ಬ್ಯಾಟರಿಯೂ ಶೆಡ್ಡಿನಲ್ಲಿ, ಒತ್ತುವ ಗುಂಡಿ ನಮ್ಮ ಅಡುಗೆಮನೆಯ ಗೋಡೆಯಲ್ಲಿ. ಒಂದು ಸಲ ಹೊಡೆದರೆ ಮೋಟಾರು ನಿಲ್ಲಿಸಬೇಕು, ಎರಡು ಸಲ ಹೊಡೆದರೆ ಊಟಕ್ಕೆ ಬರಬೇಕು, ಮೂರು ಸಲ ಹೊಡೆದರೆ ಮನೆಗೆ ನೆಂಟರು ಬಂದಿದ್ದಾರೆ ಎಂದು ಅರ್ಥ. ಬಿಡದೆ ಹೊಡೆದರೆ ಕೈಯಲ್ಲಿರುವುದನ್ನು ಹಾಗೇ ಬಿಟ್ಟು ಓಡಿ ಬರಬೇಕು.

ಬೆಲ್ಲು ಚೆನ್ನಾಗಿಯೇ ನಡೆಯಿತು. ಅಷ್ಟರಲ್ಲಿ ಆಡಿ ತಿಂಗಳು, ಅಂದರೆ ಆಷಾಢ, ಬಂತು. ಹೊಸ ಮದುಮಗಳು ಆಡಿಯಲ್ಲಿ ಗಂಡನ ಮನೆಯಲ್ಲಿರಬಾರದೆಂಬುದು ನಮ್ಮ ಕಡೆಯ ಪದ್ಧತಿ. ನನ್ನನ್ನು ವೇದಸಂದೂರಿನ ತವರಿಗೆ ಕಳಿಸಿದರು. ಮುಂದಿನ ತಿಂಗಳು, ಆವಣಿ ಹುಟ್ಟಿದ ಮೇಲೆ ತಿರುಗಿ ಬಂದೆ.

ಬಂದ ಕೆಲವೇ ದಿನಗಳಲ್ಲಿ ಒಂದು ಬೆಳಿಗ್ಗೆ ಮಾವ ಮುಖ ತೊಳೆದು, ಟವೆಲ್ ಬದಲಿಸಿ, ನಗುತ್ತಾ ಮನೆಯೊಳಗೆ ಬಂದರು. ಹಿಂದೆಯೇ ನನ್ನ ಗಂಡ.

"ಯಾರ್ ತಾಯಿ ಬಂದವ್ರೆ? ನಿಮ್ಮಪ್ಪರಾ?"

"ಯಾರೂ ಬರಲಿಲ್ಲ ಮಾವ."

"ಮೂರ್ ಬೆಲ್ಲು ಹೊಡೀತಲ್ಲಾ!"

"ನಾನ್ ಹೊಡೀಲಿಲ್ವಲ್ಲ."

ಮಾವ ಮಗನ ಮುಖ ನೋಡಿದರು. ಮಗ ನನ್ನ ಮುಖ ನೋಡಿದರು. ಮಾರನೆಯ ದಿನ ಒಲೆಯ ಮೇಲೆ ಅಕ್ಕಿಯನ್ನೇ ಇಟ್ಟಿರದ ಹೊತ್ತಿನಲ್ಲಿ ಇಬ್ಬರೂ ಊಟಕ್ಕೆ ಬಂದು ಕುಳಿತರು. ಇನ್ನೊಂದು ದಿನ ಒಂದು ಬೆಲ್ಲು ಕೇಳಿ ಮೋಟಾರು ನಿಲ್ಲಿಸಿದ್ದರಿಂದ ಅರ್ಧ ತೋಟಕ್ಕೆ ನೀರೇ ಹೋಗಲಿಲ್ಲ. ಎಲ್ಲಕ್ಕಿಂತ ಮೇಲಾಗಿ, ಒಂದು ಮಧ್ಯಾಹ್ನ ಬೆಲ್ಲು ಬಿಡದೆ ಹೊಡೆದುಕೊಂಡಿತಂತೆ. ಮಾವ ಒಂದೇ ಕಾಲಿನ ಚಪ್ಪಲಿಯಲ್ಲಿ ಓಡಿ ಬಂದರು, ಅವರ ಹಿಂದೆ ಕೂಲಿಯ ಹೆಂಗಸರೆಲ್ಲ. ಬಂದು ನೋಡಿದರೆ ಅತ್ತೆ ಅಂಗಳದಲ್ಲಿ ಕುಳಿತು ನುಗ್ಗೆಸೊಪ್ಪು ಬಿಡಿಸುತ್ತಿದ್ದರು.

"ಯಾಕ್ರೀ ಎಲ್ರೂ ಸೇರ್ಕೊಂಡು ಬಂದ್ರಿ?" ಎಂದು ಅತ್ತೆ ಕೇಳಿದರು.

ಕೂಲಿಯವರಲ್ಲಿ ಬಾಯಿ ಜೋರಿನ ಒಬ್ಬ ತಮಿಳು ಹೆಂಗಸಿದ್ದಳು. ಅವಳು ಸೆರಗು ಬಾಯಿಗೆ ಹಿಡಿದು, "ಆಡಿ ಮುಡಿಞ್ಚು ವಂದ ಪೊಣ್ಣು. ಪುರುಷನೆ ಪಾಕ್ಕ ಮಣಿ ಅಡಿಕ್ಕುದು" ಎಂದಳು. ಆಡಿ ಮುಗಿಸಿ ಬಂದ ಹುಡುಗಿ ಗಂಡನನ್ನು ನೋಡಲು ಗಂಟೆ ಹೊಡೆಯುತ್ತಿದ್ದಾಳೆ! ಎಲ್ಲರೂ ನಕ್ಕರು. ನನಗೆ ಕಿವಿಯವರೆಗೂ ಬಿಸಿಯೇರಿತು. ನಾನು ಇಲ್ಲದಿದ್ದಾಗ ಒಂದು ದಿನವೂ ತಪ್ಪಾಗಿ ಹೊಡೆಯದ ಬೆಲ್ಲು ನಾನು ಬಂದ ಕೂಡಲೇ ಹೀಗೆ ಶುರುಮಾಡಿತ್ತಲ್ಲ!

ನನ್ನ ಗಂಡನೋ, ಆ ಮಾತಿಗೆ ಮೀಸೆಯಡಿಯಲ್ಲೇ ನಗುತ್ತಿದ್ದರು. ಅವರಿಗೆ ಒಳಗೊಳಗೇ ಖುಷಿಯಾಗಿತ್ತು.

"ನಿಮ್ ವೈರಾಗೇ ಏನೋ ಅದೆ" ಎಂದೆ.

"ನನ್ ವೈರಾಗಾ? ದಿಂಡಿಗಲ್ ವೈರು ಅದು! ಒತ್ತಿದ್ರೆ ಒತ್ದೆ ಅನ್ನು. ಯಾರ್ ಬೈತಾರೆ?"

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಆಗ ಅತ್ತೆ ಎದ್ದು ನಿಂತರು. "ಅವ್ಳು ನನ್ ಎದುರಾಗೇ ದೋಸೆಗೆ ಅರೀತಿದ್ಲು. ಕೈ ತುಂಬ ಹಿಟ್ಟು. ಹೆಂಗ ಒತ್ತುತಾಳೆ?" ಎಂದರು.

"ನೀನ್ ಬಿಡು, ನಿನ್ ಸೊಸೆ ಪಕ್ಕ" ಎಂದರು ಮಾವ.

"ಹಂಗಾ? ಸರಿ, ನೋಡೇ ಬಿಡಾಣ."

ನನ್ನ ಅಣ್ಣ ವೇದಸಂದೂರಿನ ಹತ್ತಿರ ಒಂದು ನೂಲಿನ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಮಿಷನ್ನು ನಿಂತರೆ ಎಲ್ಲವನ್ನೂ ಬಿಚ್ಚಬಾರದು, ಮೊದಲು ಒಂದು ಕಡೆಯನ್ನು ಕಳಚಿ, ತೊಂದರೆ ಯಾವ ಕಡೆ ಉಳಿಯಿತು ನೋಡಬೇಕು ಎಂದು ಅವನು ಊಟದ ಹೊತ್ತಿನಲ್ಲಿ ಹೇಳುತ್ತಿದ್ದುದು ನೆನಪಿತ್ತು. ಮರುದಿನ ಗಂಡಸರು ತೋಟಕ್ಕೆ ಹೋದ ಮೇಲೆ ಗೋಡೆಯ ಗುಂಡಿಯನ್ನೇ ಬಿಚ್ಚಿದೆ. ಬರೀ ಬ್ಯಾಟರಿ, ಏನೂ ಆಗುವುದಿಲ್ಲ ಎಂದು ಎಷ್ಟು ಹೇಳಿದರೂ ಅತ್ತೆ ಸೆರಗು ಸುತ್ತದೆ ವೈರು ಮುಟ್ಟಲಿಲ್ಲ. ಎರಡು ತುದಿಗಳನ್ನೂ ದೂರ ದೂರ ಮಾಡಿ ಒಂದನ್ನು ಕಿಟಕಿಗೆ, ಇನ್ನೊಂದನ್ನು ಬಾಗಿಲಿಗೆ ಕಟ್ಟಿದೆವು. ಗುಂಡಿಯನ್ನು ಅತ್ತೆ ಅಂಗೈಯಲ್ಲಿ ಮುಚ್ಚಿಕೊಂಡು ಜಗುಲಿಯ ಮೇಲೆ ಕುಳಿತರು.

ಬಿಸಿಲೇರುವ ಹೊತ್ತಿಗೆ ಮಾವ ಬಂದೇ ಬಂದರು. "ಈಗ ಎರಡ್ ಹೊಡೀತು. ಊಟಾನಾ?"

ಅತ್ತೆ ಅಂಗೈ ಬಿಡಿಸಿ ತೋರಿಸಿದರು. "ಒತ್ತೋ ಗುಂಡಿ ನನ್ ಕೈಯಾಗೇ ಅದೆ. ಯಾರ್ ಒತ್ತಿದ್ದು, ಹೇಳಿ?"

ಮಾವ ಗುಂಡಿ ನೋಡಿದರು, ಗೋಡೆ ನೋಡಿದರು, ಕಿಟಕಿಗೆ ಕಟ್ಟಿದ್ದ ವೈರು ನೋಡಿದರು. ಆಮೇಲೆ ಜಗುಲಿಯ ಮೇಲೆ ಕುಸಿದು ಕುಳಿತು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ಕೂಗೇ ಆ ಇಂಜಿನಿಯರ್ ಮಗನ್ನ!"

ಅಂದು ನಾವು ನಾಲ್ವರೂ ವೈರಿನ ಜಾಡು ಹಿಡಿದು ತೋಟಕ್ಕೆ ಹೊರಟೆವು. ಅಲ್ಲಿಯವರೆಗೆ ನಾನು ಚಪ್ಪರದ ಒಳಗೆ ಕಾಲಿಟ್ಟಿರಲಿಲ್ಲ. ಹೊಸ ಸೊಸೆ ಅಷ್ಟು ಆಳುಗಳ ನಡುವೆ ಏಕೆ ಹೋಗಬೇಕು ಎಂದು ಯಾರೂ ಹೇಳದೆಯೇ ಮನೆಯಲ್ಲೇ ಉಳಿದುಬಿಟ್ಟಿದ್ದೆ. ಒಳಗೆ ಹಸಿರು ನೆರಳು, ಕಾಲಡಿ ತಂಪು ಮಣ್ಣು, ತಲೆಗೆ ತಾಗುವಷ್ಟು ಕೆಳಗೆ ಕಪ್ಪಾಗುತ್ತಿದ್ದ ಗೊಂಚಲುಗಳು. ನಾನು ತವರಿಗೆ ಹೋಗುವಾಗ ಮನೆಯಿಂದ ಕಾಣುತ್ತಿದ್ದದ್ದು ಬರೀ ಎಲೆ.

ದಾರಿಯ ನಡುವೆ ಒಂದು ಗಂಟು ಬಿಚ್ಚಿಸಿ, ಮನೆಯ ಕಡೆಯ ವೈರನ್ನು ಬೇರೆ ಮಾಡಿಸಿದೆ. ಮಾವ ಶೆಡ್ಡಿಗೆ ಹೋಗಿ ಕಾದರು. ಸ್ವಲ್ಪ ಹೊತ್ತಿಗೆ "ಹೊಡೀತು!" ಎಂದು ಕೂಗಿದರು. ಹಾಗಾದರೆ ತೊಂದರೆ ಇರುವುದು ನಮಗೂ ಶೆಡ್ಡಿಗೂ ನಡುವೆಯೇ. ಮೆಲ್ಲಗೆ ಮುಂದೆ ನಡೆದೆವು. ಪಕ್ಕದ ಸಾಲಿನಲ್ಲಿ ಅದೇ ಬಾಯಿ ಜೋರಿನ ಹೆಂಗಸು ಬಳ್ಳಿ ಕಟ್ಟುತ್ತಿದ್ದಳು. ಅವಳು ಒಂದು ಕುಡಿಯನ್ನು ಎಳೆದಳು, ಚಪ್ಪರದ ತಂತಿ ಅಲುಗಿತು, ಆ ಕಡೆ ಬೆಲ್ಲು ಟಿಣ್ ಎಂದಿತು.

"ಇನ್ನೊರು ತಡವೆ ಇಳುಂಗ" ಎಂದೆ. ಅವಳು ಇನ್ನೊಂದು ಸಲ ಎಳೆದಳು. ಮತ್ತೆ ಟಿಣ್.

ತಲೆಯೆತ್ತಿ ನೋಡಿದೆವು. ವೈರಿನ ಗಂಟುಗಳಿಗೆ ಸುತ್ತಿದ್ದ ಬಟ್ಟೆ ಆಡಿಯ ಗಾಳಿಗೆ ಬಿಚ್ಚಿ ಹಾರಿಹೋಗಿತ್ತು. ಹಣ್ಣಿನ ಭಾರಕ್ಕೆ ಜೋತು ಬಿದ್ದ ಕಬ್ಬಿಣದ ತಂತಿ ಅಲುಗಿದಾಗಲೆಲ್ಲ ಎರಡು ಎಳೆಗಳ ಬರಿ ಗಂಟುಗಳಿಗೂ ಅಡ್ಡಲಾಗಿ ತಾಗಿ, ಗುಂಡಿ ಒತ್ತಿದಂತೆಯೇ ಆಗುತ್ತಿತ್ತು. ನನ್ನ ಗಂಡ ಹೆಬ್ಬೆರಳಿನಿಂದ ತಂತಿ ಎತ್ತಿ ಹಿಡಿದರು, ಸದ್ದಿಲ್ಲ. ಬಿಟ್ಟರು, ಬೆಲ್ಲು ಹೊಡೆದುಕೊಂಡಿತು.

ಆ ಹೆಂಗಸು ಕೆನ್ನೆಗೆ ಕೈ ಹಚ್ಚಿಕೊಂಡು, "ಅಪ್ಪೋ ಮಣಿ ಅಡಿಚ್ಚದು ನಾಂದಾನಾ?" ಎಂದಳು. ಹಾಗಾದರೆ ಇಷ್ಟು ದಿನ ಗಂಟೆ ಹೊಡೆದದ್ದು ನಾನೇನಾ ಎಂದು ಅವಳ ಪ್ರಶ್ನೆ. ಸಾಲಿನ ಹೆಂಗಸರೆಲ್ಲ ಈಗ ಅವಳನ್ನೇ ಗೇಲಿ ಮಾಡತೊಡಗಿದರು.

"ನಾನ್ ಕಟ್ಟೋವಾಗ ಹಣ್ಣೇ ಇರಲಿಲ್ವಲ್ಲ" ಎಂದು ನನ್ನ ಗಂಡ ತಲೆ ಕೆರೆದರು.

"ಕಟ್ಟಿದ್ದು ನೀನು, ಅಪವಾದ ಬಿದ್ದದ್ದು ಅವಳ ಮೇಲೆ" ಎಂದರು ಮಾವ. ಕೈ ಚಾಚಿ, ಚೆನ್ನಾಗಿ ಕಪ್ಪೇರಿದ ಒಂದು ಗೊಂಚಲು ಕುಯ್ದು ಮೊದಲು ನನಗೆ ಕೊಟ್ಟರು. ಮನೆಗೆ ಬುಟ್ಟಿಯಲ್ಲಿ ಬರುತ್ತಿದ್ದ ಹಣ್ಣಿಗಿಂತ ಅದು ಬೇರೆಯೇ ಸಿಹಿ. ಬಳ್ಳಿಯ ಬಿಸಿ ಅದರಲ್ಲಿ ಇನ್ನೂ ಇತ್ತು.

ನನ್ನ ಗಂಡ ಕಂಬಂ ಪೇಟೆಯಿಂದ ಕಪ್ಪು ಟೇಪು ತಂದರು. ಚಪ್ಪರದ ಗೊಡವೆಯೇ ಬೇಡವೆಂದು ಕಾಲುದಾರಿಯ ಪಕ್ಕ ಬಿದಿರು ನೆಟ್ಟು ವೈರನ್ನು ಹೊಸದಾಗಿ ಎಳೆದೆವು. ಅವರು ಬಿದಿರು ಹಿಡಿದರು, ನಾನು ಗಂಟುಗಳಿಗೆ ಟೇಪು ಸುತ್ತಿದೆ. ಬಿಗಿಯಾಗಿ ಸುತ್ತು ಎಂದು ಅವರು ಒಂದು ಸಲ ಹೇಳಿದರು. ನಾನು ನೋಡಿದ ನೋಟಕ್ಕೆ ಮತ್ತೆ ಹೇಳಲಿಲ್ಲ.

ಬೆಲ್ಲು ಆಮೇಲೆ ಸರಿಯಾಗಿಯೇ ಇತ್ತು. ಆದರೆ ಊಟಕ್ಕೆ ಅದನ್ನು ಹೊಡೆಯುವುದು ಕಡಿಮೆಯಾಯಿತು. ತೋಟದ ನೆರಳು ಅತ್ತೆಗೂ ಹಿಡಿಸಿಬಿಟ್ಟಿತ್ತು. ಅನ್ನದ ಪಾತ್ರೆ ಅವರು, ಸಾರಿನ ಪಾತ್ರೆ ನಾನು ಹೊತ್ತುಕೊಂಡು, ಮಧ್ಯಾಹ್ನ ಇಬ್ಬರೂ ತೋಟಕ್ಕೇ ಹೋಗತೊಡಗಿದೆವು. ಗೊಂಚಲುಗಳ ಕೆಳಗೆ ಚಾಪೆ ಹಾಸಿ ಎಲ್ಲರೂ ಒಟ್ಟಿಗೆ ಉಣ್ಣುತ್ತಿದ್ದೆವು.